ಪೂರ್ಣ ದಂತಪಂಕ್ತಿಯೂ ಕೊರಳಿನ ನಿಲುವೂ

ಹಲ್ಲೆಲ್ಲ ಉದುರಿದವರು ಕಟ್ಟಿಸಿಕೊಳ್ಳುವ ಕೃತಕ ದಂತಪಂಕ್ತಿಯನ್ನು, ಅಂದರೆ ಹಲ್ಲಿನ ಸೆಟ್ಟನ್ನು, ಬಾಯಿಗೆ ಮಾತ್ರ ಸಂಬಂಧಿಸಿದ್ದೆಂದು ಎಣಿಸುವುದು ವಾಡಿಕೆ. ಆದರೆ ಕೆಳದವಡೆಯು ಸ್ನಾಯುಗಳ ಮೂಲಕ ನಾಲಗೆಯ ಬುಡದ ಲಾಳಾಕೃತಿಯ ಎಲುಬಿಗೂ, ಆ ಎಲುಬು ಎದೆಯೆಲುಬಿಗೂ ಕೂಡಿಕೊಂಡಿವೆ. ತಲೆಯನ್ನು ಹಿಂದಕ್ಕೆ ವಾಲಿಸಿದರೆ ಈ ಸ್ನಾಯುಗಳು ಬಿಗಿದು ಕೆಳದವಡೆ ಹಿಂದೆ ಸರಿಯುತ್ತದೆ. ಮುಂದಕ್ಕೆ ಬಾಗಿಸಿದರೆ ಮುಂದೆ ಬರುತ್ತದೆ. ಪ್ರತಿಯಾಗಿ, ಸೆಟ್ಟಿನ ಎತ್ತರವು ದವಡೆಗಳ ಅಂತರವನ್ನು ಬದಲಿಸುವುದರಿಂದ ಕೊರಳಿನ ನಿಲುವೂ ವ್ಯತ್ಯಾಸಗೊಳ್ಳಬಹುದು. ಸೆಟ್ಟು ಧರಿಸಿದವರಲ್ಲಿ ಆ ಎಲುಬಿನ ಸ್ಥಾನವನ್ನೂ ಕೊರಳಿನ ನಿಲುವನ್ನೂ ದೀರ್ಘಕಾಲ ಗಮನಿಸಿದ ಅಧ್ಯಯನವನ್ನು ತಾಲ್‌ಗ್ರೆನ್ ಮತ್ತು ಸೋಲೋ 1984ರಲ್ಲಿ ಪ್ರಕಟಿಸಿದರು. ಆದರೂ ಸೆಟ್ಟು ಧರಿಸಿದೊಡನೆ ಬಾಗಿದ ಕತ್ತು ನೆಟ್ಟಗಾಗುವುದೆಂಬ ಭರವಸೆಯನ್ನು ನಾವು ಕೊಡಲಾರೆವು. ಮುಪ್ಪಿನಲ್ಲಿ ಬೆನ್ನೆಲುಬೇ ಬಾಗಿರುವುದುಂಟು.

ಈ ಸಂಬಂಧದ ಮಹತ್ವವು ಹಿರೇಹಡಗಲಿಯ ಕಡೆಯ ಊಟದ ರೀತಿಯನ್ನು ನೆನೆದರೆ ಸ್ಪಷ್ಟವಾಗುತ್ತದೆ. ಕುರ್ಚಿಯಲ್ಲಿ ಒರಗಿಸಿ ತೆಗೆದ ಕಚ್ಚಿನ ಅಳತೆಯು, ನೆಲದ ಮೇಲೆ ಕುಳಿತು ತಟ್ಟೆಯತ್ತ ಬಾಗಿ ಜೋಳದ ರೊಟ್ಟಿ ಅಗಿಯುವ ಅಜ್ಜನಿಗೆ ಹೊಂದದು. ಹಲ್ಲುಗಳು ಬೇರೆಡೆ ತಾಗಿ, ಸೆಟ್ಟು ಅಲುಗಿ, ವಸಡು ಹುಣ್ಣಾಗಿ, ಕೊನೆಗೆ ಸೆಟ್ಟು ಗೋಡೆಯ ಗೂಡು ಸೇರುತ್ತದೆ. ಆದಕಾರಣ ತಲೆಗೆ ಆಸರೆ ಕೊಡದೆ ನೆಟ್ಟಗೆ ಕೂರಿಸಿ ಅಳತೆ ತೆಗೆದು, ಬಳಿಕ ತಲೆಯನ್ನು ತುಸು ಬಾಗಿಸಿಯೂ ಕಚ್ಚಿಸಿ ನೋಡತಕ್ಕದ್ದು.