ಒಂದು ಇಗ್ವಾನದ ಶುಶ್ರೂಷೆ

ಹಲ್ಲಿ ಲೊಚಗುಟ್ಟಿದರೆ ಹೊರಟ ಕಾಲನ್ನು ಹಿಂದೆಗೆಯುವವರೂ, ಅದು ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವವರೂ ನಮ್ಮಲ್ಲಿ ಇನ್ನೂ ಇದ್ದಾರೆ. ಅಂಥ ಮನೆಯೊಂದಕ್ಕೆ, ಅಂದರೆ ನಮ್ಮ ಮನೆಗೇ, ಬೇಸಗೆಯ ರಜೆಯಲ್ಲಿ ಒಂದೂವರೆ ಮೊಳ ಉದ್ದದ ಹಸುರು ಪ್ರಾಣಿಯೊಂದು ರಟ್ಟಿನ ಪೆಟ್ಟಿಗೆಯಲ್ಲಿ ಬಂದಿಳಿದಾಗ ಎದ್ದ ಗದ್ದಲವನ್ನು ಓದುಗರೇ ಊಹಿಸಿಕೊಳ್ಳಬಹುದು. ಅಜ್ಜಿ ಅದನ್ನು ಉಡವೆಂದಳು, ತಮ್ಮ ಓತಿಕೇತವೆಂದ. ವಾಸ್ತವವಾಗಿ ಅದು ಇಗ್ವಾನ. ಮೆಕ್ಸಿಕೋದಿಂದ ಬ್ರೆಜಿಲಿನವರೆಗಿನ ಕಾಡುಗಳಲ್ಲಿ, ಹೊಳೆಯ ದಂಡೆಯ ಮರಗಳ ಮೇಲೆ ಬಿಸಿಲು ಕಾಯಿಸುತ್ತ, ಎಲೆ ಹೂವು ಹಣ್ಣು ತಿಂದು ಬದುಕುವ ಜೀವ.

ಬೆಂಗಳೂರಿನ ನಮ್ಮ ಬಂಧುಗಳೊಬ್ಬರು ಮಗನ ಹಟಕ್ಕೆ ಅದನ್ನು ಕೊಂಡಿದ್ದರು. ಹುಡುಗನ ಹಟ ಮುಗಿದ ಮೇಲೆ ಅದು ಎರಡು ವರ್ಷ ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿ ಕುಳಿತಿತ್ತು. ಸೌತೆಕಾಯಿಯ ಹೋಳು, ನಾಯಿಯ ಬಿಸ್ಕತ್ತು ಆಗಾಗ ಒಳಗೆ ಬೀಳುತ್ತಿದ್ದವು. ಅವರು ಕ್ರೂರಿಗಳಲ್ಲವೆಂದು ಇಲ್ಲಿಯೇ ಹೇಳಿಬಿಡಬೇಕು. ತೊಡೆಗಳು ದಪ್ಪಗಾದುದನ್ನು ನೋಡಿ "ಮೈಕೈ ತುಂಬಿಕೊಂಡಿದೆ" ಎಂದು ಸಂತೋಷಪಟ್ಟಿದ್ದರಂತೆ. ನಾನು ಇತಿಹಾಸದ ವಿದ್ಯಾರ್ಥಿ. ಪ್ರಾಣಿಶಾಸ್ತ್ರದಲ್ಲಿ ನನಗೆ ಗತಿಯಿಲ್ಲ. ಆದರೆ ಆ ದಪ್ಪ ತೊಡೆಯ ಅರ್ಥವನ್ನು ಪಶುವೈದ್ಯರು ತಿಳಿಸಿಕೊಟ್ಟ ಮೇಲೆ ನಾಲ್ಕು ಜನಕ್ಕೆ ಹೇಳಬೇಕೆನಿಸಿತು.

ಪೆಟ್ಟಿಗೆ ಬಿಚ್ಚಿದಾಗ ಅದು ತಲೆ ಎತ್ತಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ಎಳೆಯುತ್ತ ಎರಡು ಹೆಜ್ಜೆ ಇಟ್ಟು ನಿಂತಿತು. ಬೆರಳುಗಳು ತಂತಿಯಂತೆ ನಡುಗುತ್ತಿದ್ದವು. ಕೆಳದವಡೆಯನ್ನು ವೈದ್ಯರು ಮೆಲ್ಲನೆ ಒತ್ತಿದರೆ ಅದು ರಬ್ಬರಿನಂತೆ ಬಾಗಿತು. ಕಳಚದೆ ಉಳಿದ ಹಳೆಯ ಪೊರೆ ಬೆರಳಿಗೆ ಉಂಗುರದಂತೆ ಬಿಗಿದು ಒಂದರ ತುದಿ ಕಪ್ಪಾಗಿತ್ತು. ಎಕ್ಸ್‌ರೇ ಹಾಳೆಯಲ್ಲಿ ಎಲುಬುಗಳನ್ನು ಹುಡುಕಿಕೊಳ್ಳಬೇಕಾಯಿತು.

ಆ ನಡುಮನೆ ಕತ್ತಲೆಯ ಕೋಣೆಯೇನಲ್ಲ. ಹಗಲೆಲ್ಲ ಕಿಟಕಿಯ ಬೆಳಕು ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು. ಹಾಗಿದ್ದೂ ಪ್ರಾಣಿ ಬಿಸಿಲಿಲ್ಲದೆ ಕೊರಗಿದ್ದು ಹೇಗೆ? ಸೂರ್ಯಪ್ರಕಾಶದಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆಯಷ್ಟೆ. ಅವುಗಳಲ್ಲಿ ಸುಮಾರು 290ರಿಂದ 315 ನ್ಯಾನೊಮೀಟರ್ ಅಲೆಯುದ್ದದ ಕಿರಣ ಚರ್ಮಕ್ಕೆ ತಾಗಿದಾಗ ಅಲ್ಲಿರುವ ಕೊಲೆಸ್ಟರಾಲ್ ಬಳಗದ ಒಂದು ವಸ್ತು ಮಾರ್ಪಟ್ಟು, ಮೈಯ ಬಿಸಿಯಲ್ಲಿ ಮೆಲ್ಲಗೆ ಜೀವಸತ್ವ 'ಡಿ' ಆಗುತ್ತದೆ. ಅದು ಯಕೃತ್ತಿನಲ್ಲೊಮ್ಮೆ, ಮೂತ್ರಪಿಂಡದಲ್ಲೊಮ್ಮೆ ಸಂಸ್ಕಾರ ಹೊಂದಿದ ಮೇಲೆಯೇ ಕರುಳು ಆಹಾರದ ಸುಣ್ಣದಂಶವನ್ನು, ಎಂದರೆ ಕ್ಯಾಲ್ಸಿಯಮ್ಮನ್ನು, ಸರಿಯಾಗಿ ಹೀರಿಕೊಳ್ಳಬಲ್ಲದು. ಕಿಟಕಿಯ ಗಾಜು ಕಾಣುವ ಬೆಳಕನ್ನು ಧಾರಾಳವಾಗಿ ಒಳಕ್ಕೆ ಬಿಟ್ಟು, ಈ ಕಿರಣವನ್ನು ಬಾಗಿಲಲ್ಲೇ ತಡೆಯುತ್ತದೆ. ನಮ್ಮ ಇಗ್ವಾನ ಬೆಳಕಿನಲ್ಲಿ ಕುಳಿತೇ ಹಸಿದಿತ್ತು.

ಸ್ನಾಯುವಿಗೂ ನರಕ್ಕೂ ಹೃದಯಕ್ಕೂ ರಕ್ತದಲ್ಲಿ ಕ್ಯಾಲ್ಸಿಯಂ ಇರಲೇಬೇಕು. ಕರುಳಿನಿಂದ ಬಾರದಿದ್ದರೆ ಪ್ಯಾರಾಥೈರಾಯ್ಡ್ ಗ್ರಂಥಿಯ ರಸವು ಎಲುಬಿಗೆ ಕೈಹಾಕುತ್ತದೆ. ನಿತ್ಯದ ಖರ್ಚಿಗೆ ಮನೆಯ ತೊಲೆಗಳನ್ನೇ ಕಿತ್ತು ಮಾರಿದ ಹಾಗೆ. ಟೊಳ್ಳಾದ ಎಲುಬಿಗೆ ಆನಿಕೆಯಾಗಿ ಸುತ್ತಲೂ ನಾರಿನಂಥ ಅಂಗಾಂಶ ಬೆಳೆಯುತ್ತದೆ. ಬಂಧುಗಳು ಕಂಡ ಪುಷ್ಟಿ ಇದೇ!

ಮನುಷ್ಯರ ಮಕ್ಕಳಿಗೆ ಬರುವ ರಿಕೆಟ್ಸ್ ಈ ರೋಗದ ಹತ್ತಿರದ ನಂಟು. ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ವೈದ್ಯರು 1919ರಲ್ಲಿ ಅಂಥ ನಾಲ್ಕು ಮಕ್ಕಳಿಗೆ ಪಾದರಸದ ದೀಪದ ಅತಿನೇರಳೆ ಬೆಳಕು ಕೊಟ್ಟು ಎಲುಬು ಗಟ್ಟಿಯಾದುದನ್ನು ತೋರಿಸಿದರು. ಜೀವಸತ್ವಗಳೊಡನೆ ಇಂಥ ವಸ್ತುಗಳಿಗಿರುವ ಸಂಬಂಧವನ್ನು ಶೋಧಿಸಿದ ಅಡಾಲ್ಫ್ ವಿಂಡೌಸ್ 1928ರಲ್ಲಿ ನೊಬೆಲ್ ಬಹುಮಾನ ಪಡೆದರು. ಇಷ್ಟು ಹಳೆಯ ತಿಳಿವಳಿಕೆ ಆ ಗಾಜಿನ ಪೆಟ್ಟಿಗೆಯವರೆಗೆ ಬಂದಿರಲಿಲ್ಲ.

ಮೊದಲ ದಿನ ನಾನೂ ಒಂದು ತಪ್ಪು ಮಾಡಿದೆ. ಸೊಪ್ಪನ್ನು ರಾಶಿ ಹೆಚ್ಚಿ ಬಾಯಿಗೆ ತುರುಕಹೊರಟೆ. ವೈದ್ಯರು ಗದರಿಸಿ, "ಮೊದಲು ಬಿಸಿ, ಆಮೇಲೆ ನೀರು, ಕಡೆಗೆ ಅನ್ನ" ಎಂದರು. ಇಗ್ವಾನ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. 2020ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡದಲ್ಲಿ ಚಳಿ ಹೆಚ್ಚಿದಾಗ, ಮರಗಳಿಂದ ಇಗ್ವಾನಗಳು ಉದುರಬಹುದೆಂದು ಮಯಾಮಿಯ ಹವಾಮಾನ ಕಚೇರಿ ಜನರನ್ನು ಎಚ್ಚರಿಸಿತು. ಹಾಗೆ ಸೆಟೆದು ಬಿದ್ದವು ಸತ್ತವೆಂದೇ ಕಾಣುತ್ತವೆ. ಬಿಸಿಲೇರಿದರೆ ಎಷ್ಟೋ ಎದ್ದು ನಡೆಯುತ್ತವೆ. (ಅವು ಆ ನಾಡಿನವಲ್ಲ, ಸಾಕಿದವರಿಂದ ತಪ್ಪಿಸಿಕೊಂಡವು, ಬೇಸತ್ತು ಬಿಟ್ಟವು ಅಲ್ಲಿ ಸಂತಾನವಾಗಿ ಹಬ್ಬಿವೆ.) ಎಲೆಯನ್ನು ಅರಗಿಸುವುದು ಇಗ್ವಾನದ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು. ಮೈ ತಣ್ಣಗಿದ್ದರೆ ಅವುಗಳ ಕೆಲಸ ಕುಂಟುತ್ತದೆ. ತಿಂದದ್ದು ಅಲ್ಲಿಯೇ ಕೊಳೆಯುತ್ತದೆ. ಆದುದರಿಂದ ಗೂಡಿನ ಒಂದು ಮೂಲೆಯಲ್ಲಿ ದೀಪದಿಂದ 35 ಡಿಗ್ರಿಯವರೆಗೆ ಬಿಸಿ ಮಾಡಿ, ಇನ್ನೊಂದು ಮೂಲೆಯನ್ನು ತಂಪಾಗಿ ಬಿಟ್ಟೆವು. ಬೇಕಾದುದನ್ನು ಆರಿಸಿಕೊಳ್ಳುವುದು ಪ್ರಾಣಿಯ ಕೆಲಸ.

ಆಮೇಲೆ ದಿನವೂ ಉಗುರುಬೆಚ್ಚಗಿನ ನೀರಿನಲ್ಲಿ, ಮೂಗು ಮುಳುಗದಷ್ಟು ಆಳದಲ್ಲಿ, ಕಾಲು ಗಂಟೆ ಕೂಡಿಸುತ್ತಿದ್ದೆವು. ಅಲ್ಲಿಯೇ ಕುಡಿಯುತ್ತಿತ್ತು, ಬೆರಳಿನ ಪೊರೆಯೂ ನೆನೆದು ಬಿಟ್ಟಿತು. ಎಳೆದು ಕೀಳಬಾರದು. ಕಪ್ಪಾದ ತುದಿ ಮಾತ್ರ ಉಳಿಯಲಿಲ್ಲ. ಆ ಪಾತ್ರೆಯನ್ನು ಅಡಿಗೆಮನೆಯಲ್ಲಿ ತೊಳೆಯಕೂಡದು, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಇಂಥ ಪ್ರಾಣಿಗಳ ಮಲದಲ್ಲಿ ಸಾಲ್ಮೊನೆಲ್ಲ ರೋಗಾಣು ಇರುವುದುಂಟು. ಈ ವಿಷಯದಲ್ಲಿ ಅಜ್ಜಿಯ ಮಡಿ ನಮಗೆ ಬಹಳ ಉಪಕಾರ ಮಾಡಿತು.

ಅನ್ನ ಬಂದದ್ದು ನಾಲ್ಕನೆಯ ದಿನ, ಅದೂ ಚಮಚದಷ್ಟು. ಬಹುಕಾಲ ಬಡವಾದ ದೇಹಕ್ಕೆ ಒಮ್ಮೆಲೇ ಉಣಿಸಿದರೆ ರಕ್ತದ ರಂಜಕ, ಪೊಟ್ಯಾಸಿಯಂಗಳು ಜೀವಕೋಶಗಳೊಳಗೆ ಸರಿದು ಪ್ರಾಣಕ್ಕೇ ಸಂಚಕಾರವಾದೀತು. ತಿನಿಸಿನಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಎರಡರಷ್ಟಿದ್ದರೆ ಒಳ್ಳೆಯದು. ನಮ್ಮ ಹಿತ್ತಲ ನುಗ್ಗೆಸೊಪ್ಪು ಇದಕ್ಕೆ ಹೇಳಿ ಮಾಡಿಸಿದಂತಿದೆ. ದಾಸವಾಳದ ಎಲೆ, ಹೂವನ್ನೂ ಕೊಟ್ಟೆವು. ಪಾಲಕ್ ಸೊಪ್ಪಿನ ಆಕ್ಸಲೇಟು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವುದರಿಂದ ಅದು ನಿತ್ಯಕ್ಕೆ ಸಲ್ಲದು. ನಾಯಿಯ ಬಿಸ್ಕತ್ತಿನ ಸಸಾರಜನಕ ಈ ಸಸ್ಯಾಹಾರಿಯ ಮೂತ್ರಪಿಂಡಕ್ಕೆ ಭಾರ. ಕ್ಯಾಲ್ಸಿಯಂ ಔಷಧವನ್ನು ವೈದ್ಯರೇ ಅಳತೆ ಮಾಡಿ ಕೊಟ್ಟರು. ಜೀವಸತ್ವ 'ಡಿ'ಯನ್ನು ಅಂದಾಜಿನಲ್ಲಿ ಸುರಿದರೆ ಸುಣ್ಣ ಮೂತ್ರಪಿಂಡದಲ್ಲಿಯೂ ರಕ್ತನಾಳಗಳಲ್ಲಿಯೂ ಕಟ್ಟಿಕೊಳ್ಳುತ್ತದೆ.

ಮುಖ್ಯವಾದ ಔಷಧಕ್ಕೆ ಕಾಸಿಲ್ಲ. ಬೆಳಿಗ್ಗೆ ತಂತಿಬಲೆಯ ಗೂಡಿನಲ್ಲಿ ಅರ್ಧ ನೆರಳು ಮಾಡಿ ಅಂಗಳದಲ್ಲಿಡುತ್ತಿದ್ದೆವು. ಗಾಜಿನ ಪೆಟ್ಟಿಗೆಯನ್ನು ಬಿಸಿಲಿಗಿಟ್ಟರೆ ಪ್ರಾಣಿ ಬೆಂದುಹೋಗುತ್ತದೆ. ಅದರ ನೆತ್ತಿಯ ಮೇಲೆ ಬೆಳಕನ್ನಷ್ಟೇ ಅರಿಯುವ ಮಸುಕಾದ ಮೂರನೆಯ ಕಣ್ಣೊಂದಿದೆ. ಇದು ತಿಳಿದಂದಿನಿಂದ ಅಜ್ಜಿಯ ಧೋರಣೆಯೇ ಬದಲಾಯಿತು. ಅದು ಸೀನಿದಾಗ ನೆಗಡಿಯೆಂದು ಹೆದರಿದೆವು. ಮೈಯಲ್ಲಿ ಹೆಚ್ಚಾದ ಲವಣವನ್ನು ಮೂಗಿನ ಗ್ರಂಥಿಗಳಿಂದ ಹೊರಹಾಕುವ ರೀತಿ ಅದೆಂದು ಬಳಿಕ ತಿಳಿಯಿತು. ಮಳೆಗಾಲದಲ್ಲಿ ಅತಿನೇರಳೆ ದೀಪವನ್ನೇ ನಂಬಬೇಕಾಯಿತು. ಆ ದೀಪದಲ್ಲೂ ಒಂದು ಮೋಸವಿದೆ. ಕೆಲವು ತಿಂಗಳಾದ ಮೇಲೆ ಅದರ ಕಾಣದ ಕಿರಣ ಕ್ಷೀಣಿಸುತ್ತದೆ, ಕಾಣುವ ಬೆಳಕು ಮಾತ್ರ ಎಂದಿನಂತೆಯೇ ಇರುತ್ತದೆ.

ಕಾನೂನಿನ ಮಾತೂ ಉಂಟು. 2022ರ ತಿದ್ದುಪಡಿಯಾದ ವನ್ಯಜೀವಿ ಕಾಯಿದೆ, 2024ರ ನಿಯಮಗಳ ಪ್ರಕಾರ ಇಗ್ವಾನದಂಥ ವಿದೇಶೀ ಪ್ರಾಣಿಯನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ಕೈ ಬದಲಾದರೆ ತಿಳಿಸಬೇಕು. ನಮ್ಮದೇ ಉಡವನ್ನಂತೂ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ.

ಐದು ವಾರಕ್ಕೆ ನಡುಕ ನಿಂತಿತು. ಮೂರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅದು ನನ್ನ ಕೈಯಿಂದ ದಾಸವಾಳವನ್ನು ತಾನೇ ಕಿತ್ತುಕೊಂಡಿತು. ದವಡೆ ಗಟ್ಟಿಯಾಗಿದೆಯೆಂದು ಬೆರಳಿಗೆ ಗೊತ್ತಾಯಿತು. ಹಿಂಗಾಲೊಂದು ಮಾತ್ರ ಸೊಟ್ಟಗೇ ಉಳಿದಿದೆ. ಎತ್ತರದ ಕೊಂಬೆಯನ್ನು ಅದು ಹತ್ತಲಾರದು. ಬಾಗಿದ ಮೇಲೆ ಗಟ್ಟಿಯಾದ ಎಲುಬು ನೇರವಾಗುವುದಿಲ್ಲವೆಂದು ವೈದ್ಯರು ಮೊದಲೇ ಹೇಳಿದ್ದರು.

ಚೆನ್ನಾಗಿ ನೋಡಿಕೊಂಡರೆ ಇಗ್ವಾನ 15-20 ವರ್ಷ ಬಾಳಬಹುದು. ನನ್ನ ಬಿ.ಎ. ಮುಗಿಯಲು ಇನ್ನೊಂದೇ ವರ್ಷ. ಆಮೇಲೆ ಎಲ್ಲಿಯ ಕೆಲಸವೋ, ಯಾವ ಊರೋ. ಆಗ ಇದರ ಗತಿಯೇನೆಂದು ಮನೆಯಲ್ಲಿ ಕೇಳಿದೆ. "ನಾನಿಲ್ಲವೇನೋ?" ಎಂದಳು ಅಜ್ಜಿ. ಆಕೆಗೆ ಈಗ 78.