ದುಂಡು ಚಂದಿರ, ದುಂಡು ತಿಂಡಿ

ಚೀನೀ ಪಂಚಾಂಗದ ಎಂಟನೆಯ ತಿಂಗಳ ಹುಣ್ಣಿಮೆ ಸಾಮಾನ್ಯವಾಗಿ ನಮ್ಮ ಭಾದ್ರಪದದ ಹುಣ್ಣಿಮೆಯೇ. ಅಧಿಕಮಾಸದ ಲೆಕ್ಕ ವ್ಯತ್ಯಾಸವಾದ ವರ್ಷ ಅದು ಆಶ್ವಯುಜಕ್ಕೆ ಜಾರುತ್ತದೆ. ನಮ್ಮಲ್ಲಿ ಪಿತೃಪಕ್ಷಕ್ಕೆ ಸಿದ್ಧತೆ ನಡೆಯುವ ಹೊತ್ತಿಗೆ, ಚೀನೀಯರು ಬದುಕಿರುವ ಬಂಧುಗಳನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವ ಪ್ರಯತ್ನದಲ್ಲಿರುತ್ತಾರೆ.

ಈ ಸುಗ್ಗಿ ಹಬ್ಬದ ಹೆಸರು ‘ಜೋಂಗ್‌ಚ್ಯೂ’, ಅಂದರೆ ಶರತ್ಕಾಲದ ನಡುಭಾಗ. ಅರಸರು ಚಂದ್ರನಿಗೆ ಪೂಜೆ ಸಲ್ಲಿಸುತ್ತಿದ್ದ ಪದ್ಧತಿ ಬಹು ಹಳೆಯದು. ಜನಸಾಮಾನ್ಯರ ಹಬ್ಬವಾಗಿ ಅದು ಬೇರೂರಿದ್ದು ಸುಮಾರು ಸಾವಿರ ವರ್ಷಗಳ ಹಿಂದೆ, ಸೋಂಗ್ ಅರಸರ ಕಾಲದಲ್ಲಿ. ಬಿಲ್ಲುಗಾರ ಹೌ ಯೀಗೆ ದೊರೆತ ಅಮೃತವನ್ನು ಕುಡಿದ ಅವನ ಹೆಂಡತಿ ಚಾಂಗ್‌ಅ, ಹಗುರಾಗಿ ಹಾರಿ ಚಂದ್ರಲೋಕ ಸೇರಿದಳೆಂದು ಕಥೆ. ಗಂಡ ಭೂಮಿಯಲ್ಲೇ ಉಳಿದ. ಅಲ್ಲಿ ಅವಳ ಜೊತೆಗೊಂದು ಮೊಲ. ಚಂದ್ರನಲ್ಲಿ ಮೊಲವನ್ನು ಕಂಡವರು ನಾವೂ ಹೌದು, ‘ಶಶಾಂಕ’ ಎಂಬ ಹೆಸರೇ ಸಾಕ್ಷಿ. ಚೀನೀ ಮೊಲ ಮಾತ್ರ ಸುಮ್ಮನೆ ಕೂರುವುದಿಲ್ಲ, ಒರಳಿನಲ್ಲಿ ಮದ್ದು ಕುಟ್ಟುತ್ತಿರುತ್ತದೆ. 2013ರ ಡಿಸೆಂಬರಿನಲ್ಲಿ ಚೀನಾ ಚಂದ್ರನ ಮೇಲಿಳಿಸಿದ ನೌಕೆಗೆ ಚಾಂಗ್‌ಅಳ ಹೆಸರನ್ನೂ ಅದರ ಪುಟ್ಟ ಬಂಡಿಗೆ ಮೊಲದ ಹೆಸರನ್ನೂ ಇಟ್ಟಿತು.

ಪೂಜೆ ಹೆಂಗಸರದು. ಗಂಡಸರು ಚಂದ್ರನಿಗೂ, ಹೆಂಗಸರು ಒಲೆಯ ದೇವರಿಗೂ ಕೈಮುಗಿಯಬಾರದೆಂಬ ಕಟ್ಟಳೆ ಬೀಜಿಂಗ್ ಕಡೆ ಇತ್ತು. ಅಂಗಳದಲ್ಲಿ ಮೇಜು ಹಾಕಿ ದಾಳಿಂಬೆ, ದ್ರಾಕ್ಷಿ, ಕಲ್ಲಂಗಡಿ ಇಡುತ್ತಿದ್ದರು. ದಕ್ಷಿಣದವರಿಗೆ ಚಕ್ಕೋತ ಮತ್ತು ಬೇಯಿಸಿದ ಕೆಸುವಿನ ಗೆಡ್ಡೆ ಇಲ್ಲದೆ ಹಬ್ಬವಿಲ್ಲ.

ಎಲ್ಲದರ ನಡುವೆ ‘ಯುಯೆಬಿಂಗ್’, ಅಂದರೆ ಚಂದ್ರನ ತಿಂಡಿ. ಮೂನ್‌ಕೇಕ್ ಎಂದು ಹೊರಗಿನವರು ಕರೆದರೂ, ಹೊರಗೆ ಕಣಕ ಒಳಗೆ ಹೂರಣವಿರುವ ಇದು ಕೇಕಿಗಿಂತ ನಮ್ಮ ಹೋಳಿಗೆಗೇ ಹತ್ತಿರ. ಕ್ಯಾಂಟನ್ನಿನವರು ತಾವರೆ ಬೀಜವನ್ನು ಬೇಯಿಸಿ, ಅರೆದು, ಸಕ್ಕರೆ ಎಣ್ಣೆ ಬೆರೆಸಿ ಬಾಣಲೆಯಲ್ಲಿ ಮಗುಚಿ ಹೂರಣ ಮಾಡುತ್ತಾರೆ. ನಟ್ಟನಡುವೆ ಉಪ್ಪಿನಲ್ಲಿ ನೆನೆಸಿಟ್ಟ ಬಾತುಕೋಳಿ ಮೊಟ್ಟೆಯ ಹಳದಿ ಭಂಡಾರ. ಕತ್ತರಿಸಿದಾಗ ಅದೇ ಚಂದ್ರ. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನಂತೆ ಇದಕ್ಕೂ ಮರದ ಅಚ್ಚುಂಟು. ಸುಟ್ಟ ದಿನ ಗಡುಸು. ಎರಡು ಮೂರು ದಿನ ಇಟ್ಟರೆ ಹೂರಣದ ಎಣ್ಣೆ ಕಣಕಕ್ಕಿಳಿದು ಮೆತ್ತಗಾಗಿ ಹೊಳೆಯುತ್ತದೆ. ಸೂಜೋ ಊರಿನವರದು ಪದರ ಪದರವಾಗಿದ್ದು ಒಳಗೆ ಹಂದಿಮಾಂಸ. ಆಕಾರ ಸಾಧಾರಣವಾಗಿ ದುಂಡು. ಕುಟುಂಬ ಒಂದುಗೂಡುವುದಕ್ಕೆ ಚೀನೀ ಪದ ‘ತುವಾನ್‌ಯುವಾನ್’. ಅದರಲ್ಲಿಯೇ ದುಂಡು ಎಂಬ ಅರ್ಥ ಅಡಗಿದೆ. ಒಬ್ಬರೇ ತಿನ್ನುವ ತಿಂಡಿ ಇದಲ್ಲ. ಮನೆಯ ತಲೆಯೆಣಿಕೆಯಷ್ಟು ತುಂಡು ಮಾಡಿ, ಪರವೂರಿನಲ್ಲಿದ್ದವರ ಪಾಲನ್ನೂ ತೆಗೆದಿಡುವುದು ಹಿಂದಿನ ಪದ್ಧತಿ.

14ನೆಯ ಶತಮಾನದಲ್ಲಿ ಮಂಗೋಲರ ವಿರುದ್ಧ ದಂಗೆಯೇಳಲು ಈ ತಿಂಡಿಯೊಳಗೆ ಚೀಟಿ ಅಡಗಿಸಿ ಹಂಚಿದರೆಂದು ಎಲ್ಲರೂ ಹೇಳುತ್ತಾರೆ. ಕಥೆ ರುಚಿಯಾಗಿದೆ, ಆದರೆ ಆ ಕಾಲದ ದಾಖಲೆಗಳಲ್ಲಿ ಅದಕ್ಕೆ ಆಧಾರವಿಲ್ಲ.

ಈಚೆಗೆ ತಿಂಡಿಗಿಂತ ಡಬ್ಬಿಯೇ ದೊಡ್ಡದಾಯಿತು. ಅಧಿಕಾರಿಗಳಿಗೆ ಕೊಡುವ ದುಬಾರಿ ಕಾಣಿಕೆಯಾಗಿ ಅದು ಬೆಳೆದಾಗ, 2013ರಲ್ಲಿ ಸರ್ಕಾರಿ ಹಣದಲ್ಲಿ ಇದನ್ನು ಕೊಂಡು ಹಂಚುವುದನ್ನು ಕಮ್ಯುನಿಸ್ಟ್ ಪಕ್ಷ ನಿಷೇಧಿಸಿತು. 2022ರ ಆಗಸ್ಟಿನಿಂದ ಪೊಟ್ಟಣ ಮೂರು ಪದರ ಮೀರುವಂತಿಲ್ಲ. ತಿಂಡಿಯ ಬದಲು ಕೂಪನ್ನು ಕೊಡುವವರೂ ಇದ್ದಾರೆ. ಪಡೆದವರು ಅದನ್ನು ದಲ್ಲಾಳಿಗೆ ಮಾರುತ್ತಾರೆ, ದಲ್ಲಾಳಿ ಅಂಗಡಿಗೇ ಹಿಂದಿರುಗಿಸುತ್ತಾನೆ. ತಿಂಡಿ ಒಲೆಯನ್ನೇ ಕಾಣದೆ ಎಲ್ಲರಿಗೂ ಲಾಭ.

2008ರಿಂದ ಹಬ್ಬಕ್ಕೆ ಸರ್ಕಾರಿ ರಜೆಯುಂಟು, ಒಂದು ದಿನ. ದೂರದ ನಗರಗಳ ಕಾರ್ಖಾನೆ ಸೇರಿದವರಿಗೆ ಅಷ್ಟರಲ್ಲಿ ಹಳ್ಳಿ ಮುಟ್ಟಿ ಮರಳುವುದು ಕಷ್ಟ. ಅಂಥವರ ಮನೆಗಳಿಗೆ ಮಗನ ಬದಲು ತಿಂಡಿಯ ಡಬ್ಬಿ ಅಂಚೆಯಲ್ಲಿ ಬರುತ್ತದೆ.