ನೆರೆ ಇಳಿದ ಮೇಲೆ ಯುವಜನರ ಕರ್ತವ್ಯ

ವಿಜಯವಾಡದ ಭವಾನಿಪುರಂ ಕೃಷ್ಣಾನದಿಯ ದಡದ ಬಡಾವಣೆ. ನಮ್ಮ ಬಾಗಲಕೋಟೆ, ರಾಯಚೂರು ಜಿಲ್ಲೆಗಳನ್ನು ಹಾದುಬಂದ ಹೊಳೆಯೇ ಅಲ್ಲಿ ಪ್ರಕಾಶಂ ಬ್ಯಾರೇಜನ್ನು ದಾಟುತ್ತದೆ. 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್ಸ್‌ಗೂ ಮಿಕ್ಕಿ ನೀರು ಹರಿಯಿತು. ಅದೇ ಹೊತ್ತಿಗೆ ಬುಡಮೇರು ಹಳ್ಳದ ದಂಡೆ ಒಡೆದು, ಭವಾನಿಪುರಂನ ಕೆಲವು ಭಾಗಗಳೂ ಸೇರಿದಂತೆ ನಗರದ ತಗ್ಗು ಪ್ರದೇಶಗಳು ದಿನಗಟ್ಟಲೆ ಜಲಾವೃತವಾದವು.

ಇಂತಹ ವಿಪತ್ತಿನಲ್ಲಿ ಅನ್ನದ ಪೊಟ್ಟಣ ಹಂಚಲು ಜನ ಧಾರಾಳವಾಗಿ ಮುಂದೆ ಬರುತ್ತಾರೆ. ಆದರೆ ರೋಗಗಳು ತಲೆಯೆತ್ತುವುದು ನೀರು ಇಳಿದ ಮೇಲೆ. ಆ ವೇಳೆಗೆ ನೆರವಿನ ಕೈಗಳು ವಿರಳವಾಗಿರುತ್ತವೆ. ಸಂಘಟಿತ ಯುವಜನರ ಸೇವೆ ಸಲ್ಲಬೇಕಾದುದು ಇಲ್ಲಿಯೇ.

ಇದಕ್ಕೆ ಸಿದ್ಧವಾದ ವ್ಯವಸ್ಥೆಯೊಂದು ನಮ್ಮಲ್ಲಿದೆ. ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು ಕೇಂದ್ರ ಶಿಕ್ಷಣ ಸಚಿವರಾಗಿದ್ದಾಗ, ಗಾಂಧಿ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ಸ್ವಯಂಸೇವಕನು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು. ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ ಇದು ವಾರಕ್ಕೆ ಎರಡೂಕಾಲು ಗಂಟೆಯ ಸಣ್ಣ ಉಳಿತಾಯ ಖಾತೆ. ಓದು ಕೆಡುವುದೆಂಬ ತಂದೆತಾಯಿಗಳ ಆತಂಕಕ್ಕೆ ಈ ಲೆಕ್ಕವೇ ಸಮಾಧಾನ.

ಯುವಕ ಯುವತಿಯರು ಮಾಡಬಹುದಾದುದೇನು? ಮನೆಮನೆಗೆ ಹೋಗಿ ನೀರನ್ನು ಕುದಿಸಿ ಕುಡಿಯುವಂತೆ ತಿಳಿಹೇಳುವುದು. ಭೇದಿಯಾದವರಿಗೆ ಜೀವಜಲದ ಪೊಟ್ಟಣ ದೊರೆಯದಿದ್ದಲ್ಲಿ, ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಬೆರೆಸುವುದನ್ನು ಕಲಿಸುವುದು. ಅಳತೆಗೆ ಟೀ ಚಮಚವನ್ನೇ ಬಳಸಬೇಕು. ಡೆಂಗ್ಯೂ ಸೊಳ್ಳೆ ಮೊಟ್ಟೆಯಿಂದ ಬೆಳೆದು ಹಾರಲು ಸುಮಾರು ಎಂಟು ಹತ್ತು ದಿನ ಬೇಕು. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿ, ಟೈರು, ಕುಂಡಗಳ ನೀರನ್ನು ಚೆಲ್ಲಿಸಿದರೆ ಅದರ ಸಂತತಿ ಬೆಳೆಯದು.

ಸೇವೆಗೆ ಹೊರಟವರು ತಮ್ಮ ದೇಹವನ್ನೂ ಕಾಪಾಡಿಕೊಳ್ಳಬೇಕು. ನೆರೆಯ ನೀರಿನಲ್ಲಿ ಇಲಿಯ ಮೂತ್ರ ಬೆರೆತಿರಬಹುದು. ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರದ ರೋಗಾಣು ಒಳಸೇರುತ್ತದೆ. ಬರಿಗಾಲಿನಲ್ಲಿ ಇಳಿಯಬಾರದು. ಒಂದೆರಡು ವಾರಗಳ ನಂತರ ಜ್ವರ, ಮೀನಖಂಡದ ನೋವು ಕಾಣಿಸಿಕೊಂಡರೆ, ಕೊಳಕು ನೀರಿನಲ್ಲಿ ನಡೆದಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಈ ಒಂದು ಮಾತು ಜೀವವನ್ನು ಉಳಿಸಬಲ್ಲದು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮನ್ನು ಈ ಮಹಾನಗರ ಸಲಹಿದೆ. ನಮ್ಮ ಮಕ್ಕಳು ನೆರೆಯ ಬೀದಿಯವರ ಕಷ್ಟಕ್ಕೆ ಒದಗಿದಾಗ, ಆ ಋಣದ ಮೊದಲ ಕಂತು ಸಂದಾಯವಾದಂತೆ.